ಮೊಟ್ಟೆ ಕೂಡ ಮುಟ್ಟಿಲ್ಲ, ಆದರೂ ಕೊಲೆಸ್ಟರಾಲ್ ಯಾಕೆ?

ಪ್ರಶ್ನೆ ಬರೋ ಧಾಟಿ ಯಾವಾಗಲೂ ಒಂದೇ. "ನಾವು ಅಪ್ಪಟ ಸಸ್ಯಾಹಾರಿಗಳು, ಮೊಟ್ಟೆ ಕೂಡ ಮುಟ್ಟೋರಲ್ಲ. ಆದರೂ ಎಲ್‌ಡಿಎಲ್ 210 ಬಂದಿದೆ. ಲ್ಯಾಬ್‌ನವರು ಏನಾದ್ರೂ ಎಡವಟ್ಟು ಮಾಡಿರಬಹುದಾ?" (ಎಲ್‌ಡಿಎಲ್ ಅಂದರೆ ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗೋ ಕಣ, ಜನ 'ಕೆಟ್ಟ ಕೊಲೆಸ್ಟರಾಲ್' ಅನ್ನೋದು ಇದನ್ನೇ.) ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಡ್ತೀನಿ, ಇನ್ನು ಕೇಳಿದವರಿಗೆಲ್ಲ ಲಿಂಕ್ ಕಳಿಸೋದಷ್ಟೇ.

ಲ್ಯಾಬ್‌ನವರನ್ನು ಬಿಟ್ಟುಬಿಡಿ. ನನಗೆ ರೇಗೋದು ಆ ಪ್ರಶ್ನೆಯೊಳಗೆ ಕೂತಿರೋ ಪಾಪ-ಪುಣ್ಯದ ಲೆಕ್ಕ ಕಂಡು. ಏನೋ ತಿನ್ನಬಾರದ್ದು ತಿಂದವರಿಗೆ ಮಾತ್ರ ರಕ್ತನಾಳ ಗಡುಸಾಗಬೇಕು, ಮಡಿಯಲ್ಲಿದ್ದವರಿಗೆ ರಿಯಾಯಿತಿ ಸಿಗಬೇಕು ಅನ್ನೋ ಹಾಗೆ. ಒಂದು ಮೊಟ್ಟೆಯಲ್ಲಿರೋದು ಸುಮಾರು 200 ಮಿಲಿಗ್ರಾಂ ಕೊಲೆಸ್ಟರಾಲ್. ನಿಮ್ಮ ದೇಹ ತಾನಾಗಿಯೇ ದಿನಕ್ಕೆ ಒಂದು ಗ್ರಾಂ ಹತ್ತಿರ ತಯಾರಿಸುತ್ತೆ. ಹಾಗಾಗಿ ಬಾಯಿಂದ ಒಳಗೆ ಹೋಗಿದ್ದೆಷ್ಟು ಅನ್ನೋದಕ್ಕಿಂತ, ಲಿವರ್ ರಕ್ತದಿಂದ ಎತ್ತಿಕೊಂಡಿದ್ದೆಷ್ಟು ಅನ್ನೋದು ದೊಡ್ಡ ವಿಷಯ.

ಎತ್ತಿಕೊಳ್ಳೋ ಕೆಲಸ ಎಲ್‌ಡಿಎಲ್ ರಿಸೆಪ್ಟರ್ ಅನ್ನೋ ಪ್ರೋಟೀನಿನದು. ಅದು ಲಿವರ್ ಕೋಶದ ಪೊರೆಯ ಮೇಲಿರುತ್ತೆ. ಹಾದು ಹೋಗೋ ಎಲ್‌ಡಿಎಲ್ ಕಣದ ಮೈಮೇಲಿನ ಅಪೊಬಿ ಪ್ರೋಟೀನನ್ನು ಹಿಡಿದು, ಕಣದ ಸಮೇತ ಕೋಶದೊಳಗೆ ಮುಳುಗುತ್ತೆ. ಒಳಗಿನ ಆಮ್ಲೀಯತೆಗೆ ಹಿಡಿತ ಸಡಿಲವಾಗಿ ಕಣ ಕಳಚಿಕೊಂಡು ಚೂರಾಗುತ್ತೆ. ರಿಸೆಪ್ಟರ್ ಮಾತ್ರ ಹಾಗೇ ಪೊರೆಗೆ ವಾಪಸ್. ಒಂದು ಸುತ್ತಿಗೆ ಹತ್ತು ನಿಮಿಷದ ಆಸುಪಾಸು, ಒಂದೇ ರಿಸೆಪ್ಟರ್‌ಗೆ ಇಂಥ ನೂರಾರು ಸುತ್ತು. ಪಿಸಿಎಸ್‌ಕೆ9 ಅನ್ನೋ ಇನ್ನೊಂದು ಪ್ರೋಟೀನ್ ಬಂದು ಅಂಟಿಕೊಂಡರೆ ಕಥೆ ಬೇರೆ. ಆಮೇಲೆ ರಿಸೆಪ್ಟರ್ ವಾಪಸ್ ಬರೋಲ್ಲ, ಅದೂ ಚೂರಾಗುತ್ತೆ.

ಈ ರಿಸೆಪ್ಟರನ್ನೂ ಅದರ ಕೆಲಸವನ್ನೂ 1970ರ ದಶಕದಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಬಿಡಿಸಿಟ್ಟವರು ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. 1985ರಲ್ಲಿ ನೊಬೆಲ್ ಬಂತು. ಪುರಾವೆ ಬೇಕು ಅನ್ನೋರಿಗೆ ಸ್ಟಾರ್ಮಿ ಜೋನ್ಸ್ ಅನ್ನೋ ಆರು ವರ್ಷದ ಹುಡುಗಿಯ ಪ್ರಕರಣ ಸಾಕು. ಕೆಲಸಕ್ಕೆ ಬರೋ ರಿಸೆಪ್ಟರ್ ಆಕೆಗೆ ಹುಟ್ಟಿನಿಂದಲೇ ಇರಲಿಲ್ಲ, ಎಲ್‌ಡಿಎಲ್ 988 ಇತ್ತು. 1984ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಹೃದಯದ ಜೊತೆಗೆ ಲಿವರನ್ನೂ ಬದಲಾಯಿಸಿದರು. ಎಲ್‌ಡಿಎಲ್ 184ಕ್ಕೆ ಇಳಿಯಿತು. ಪಥ್ಯದಿಂದಲ್ಲ, ಹೊಸ ಲಿವರಿನ ರಿಸೆಪ್ಟರ್‌ಗಳಿಂದ.

ಇನ್ನು ರಕ್ತನಾಳ ಗಡುಸಾಗೋದು. ಪೈಪಿನೊಳಗೆ ಜಿಡ್ಡು ಮೆತ್ತಿಕೊಂಡ ಚಿತ್ರ ವಾಟ್ಸಾಪ್‌ನಲ್ಲಿ ಓಡಾಡ್ತಾ ಇದೆ, ದಯವಿಟ್ಟು ಅಳಿಸಿಹಾಕಿ. ಜಿಡ್ಡು ಸೇರೋದು ಗೋಡೆಯ ಮೇಲಲ್ಲ, ಗೋಡೆಯ ಒಳಗೆ. ಲಿವರ್ ಎತ್ತಿಕೊಳ್ಳದ ಎಲ್‌ಡಿಎಲ್ ದಿನಗಟ್ಟಲೆ ರಕ್ತದಲ್ಲಿ ಸುತ್ತುತ್ತಾ, ಒಳಪದರ ದಾಟಿ, ಅಲ್ಲಿನ ಪ್ರೋಟಿಯೋಗ್ಲೈಕನ್ ಎಳೆಗಳಿಗೆ ಸಿಕ್ಕಿಬೀಳುತ್ತೆ. ಆಕ್ಸಿಡೀಕರಣಗೊಂಡು ಕೆಡುತ್ತೆ. ಆಗ ಒಳಪದರದ ಕೋಶಗಳು ತಮ್ಮ ಮೈಮೇಲೆ ವಿಕ್ಯಾಮ್-1 ಅನ್ನೋ ಪ್ರೋಟೀನನ್ನು ಹೊರಚಾಚುತ್ತವೆ. ರಕ್ತದಲ್ಲಿ ಹೋಗ್ತಿದ್ದ ಮಾನೊಸೈಟ್ ಅನ್ನೋ ಬಿಳಿ ರಕ್ತಕಣಗಳು ಅದಕ್ಕೆ ತಗುಲಿ ಗೋಡೆಯೊಳಗೆ ಇಳಿದು ಮ್ಯಾಕ್ರೋಫೇಜ್, ಅಂದರೆ ಕಸ ನುಂಗೋ ಕೋಶ, ಆಗುತ್ತವೆ.

ಎಡವಟ್ಟು ನಿಜವಾಗಿ ಆಗೋದು ಇಲ್ಲಿ. ಎಲ್‌ಡಿಎಲ್ ರಿಸೆಪ್ಟರ್‌ಗೆ ಸಾಕು ಅನ್ನೋದು ಗೊತ್ತು: ಕೋಶದೊಳಗೆ ಕೊಲೆಸ್ಟರಾಲ್ ಹೆಚ್ಚಾದರೆ ಅದರ ತಯಾರಿಕೆಯೇ ಇಳಿಯುತ್ತೆ. ಕೆಟ್ಟ ಎಲ್‌ಡಿಎಲ್ ನುಂಗೋ ಮ್ಯಾಕ್ರೋಫೇಜಿನ ಸ್ಕ್ಯಾವೆಂಜರ್ ರಿಸೆಪ್ಟರ್‌ಗಳಿಗೆ, ಅಂದರೆ ಎಸ್‌ಆರ್-ಎ, ಸಿಡಿ36 ಮುಂತಾದವಕ್ಕೆ, ಆ ಕಡಿವಾಣ ಇಲ್ಲ. ನುಂಗ್ತಾನೇ ಇರುತ್ತವೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೋಶದ ತುಂಬ ಕೊಬ್ಬಿನ ಗುಳ್ಳೆ, ಬರೀ ನೊರೆ. ಕೊನೆಗೆ ಅಲ್ಲೇ ಸತ್ತು, ನುಂಗಿದ್ದನ್ನೆಲ್ಲ ಅಲ್ಲೇ ಬಿಡುತ್ತವೆ. ಆಮೇಲೆ ಪಿಡಿಜಿಎಫ್ ಅನ್ನೋ, ಕೋಶ ಬೆಳೆಸೋ ಪ್ರೋಟೀನಿನ ಸಂದೇಶವನ್ನು ಅದರ ರಿಸೆಪ್ಟರ್ ಮೂಲಕ ಪಡೆದ ಸ್ನಾಯುಕೋಶಗಳು ಮಧ್ಯಪದರದಿಂದ ಎದ್ದು ಬಂದು, ಕೊಲಾಜೆನ್ ಅನ್ನೋ ನಾರಿನ ಪ್ರೋಟೀನ್ ಸುರಿದು ಮುಚ್ಚಳ ಕಟ್ಟುತ್ತವೆ. ಕೆಲವು ಮೂಳೆಕೋಶದಂತೆ ವರ್ತಿಸತೊಡಗಿ ಕ್ಯಾಲ್ಸಿಯಂ ಕೂರುತ್ತೆ. ಗಡಸುತನ ಬರೋದು ಹೀಗೆ. (ಆಕ್ಸಿಡೀಕರಣ ಅಂದ ತಕ್ಷಣ ವಿಟಮಿನ್ ಇ ಮಾತ್ರೆ ಕೊಳ್ಳೋಕೆ ಓಡಬೇಡಿ. ದೊಡ್ಡ ಪ್ರಯೋಗಗಳಲ್ಲಿ ಅದು ಹಾರ್ಟ್ ಅಟ್ಯಾಕ್ ತಪ್ಪಿಸಲಿಲ್ಲ.)

ಈಗ ನಿಮ್ಮ ಮಡಿ ಅಡುಗೆಮನೆಗೆ ಬರೋಣ. ತುಪ್ಪ, ಬೆಣ್ಣೆ, ಡಾಲ್ಡಾ, ಕೊಬ್ಬರಿ ಎಣ್ಣೆ: ಇವುಗಳ ಸ್ಯಾಚುರೇಟೆಡ್ ಕೊಬ್ಬು ಲಿವರಿನ ಎಲ್‌ಡಿಎಲ್ ರಿಸೆಪ್ಟರ್ ಚಟುವಟಿಕೆಯನ್ನೇ ತಗ್ಗಿಸುತ್ತೆ. ಹೋಳಿಗೆ ಮೇಲೆ ತುಪ್ಪ ಸುರಿಯುವಾಗ ಮೊಟ್ಟೆ ಬಿಟ್ಟಿದ್ದರ ಪುಣ್ಯ ಜಮಾ ಆಗೋಲ್ಲ. ಥೈರಾಯ್ಡ್ ಕಡಿಮೆಯಾದರೂ ರಿಸೆಪ್ಟರ್ ಇಳಿಯುತ್ತೆ, ಆದ್ದರಿಂದ ಕೊಲೆಸ್ಟರಾಲ್ ಮಾತ್ರೆ ಶುರು ಮಾಡೋ ಮುಂಚೆ ಟಿಎಸ್‌ಎಚ್ ಅನ್ನೋ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ.

ಸ್ಟ್ಯಾಟಿನ್ ಮಾತ್ರೆ ಲಿವರಿನಲ್ಲಿ ಕೊಲೆಸ್ಟರಾಲ್ ತಯಾರಿಕೆಗೆ ತಡೆ ಹಾಕುತ್ತೆ. ಕೊರತೆ ಕಂಡ ಕೋಶ ಹೆಚ್ಚು ರಿಸೆಪ್ಟರ್ ಮೇಲಕ್ಕೆ ಕಳಿಸುತ್ತೆ, ಆದರೆ ಅದೇ ಸೂಚನೆಗೆ ಪಿಸಿಎಸ್‌ಕೆ9 ಕೂಡ ಹೆಚ್ಚುತ್ತೆ. ಡೋಸ್ ದುಪ್ಪಟ್ಟು ಮಾಡಿದರೂ ಎಲ್‌ಡಿಎಲ್ ಇನ್ನೊಂದು ಶೇ. 6ರಷ್ಟು ಮಾತ್ರ ಇಳಿಯೋದಕ್ಕೆ ಇದೂ ಒಂದು ಕಾರಣ. ಡೋಸ್ ಏರಿಸುತ್ತಾ ಹೋಗೋ ಬದಲು ಎಜೆಟಿಮೈಬ್ (ಕರುಳು ಕೊಲೆಸ್ಟರಾಲ್ ಹೀರೋದನ್ನು ತಡೆಯೋ ಮಾತ್ರೆ) 10 ಮಿಲಿಗ್ರಾಂ ಜೊತೆಗೆ ಸೇರಿಸೋದು ಅದಕ್ಕೇ. ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ಎಲ್‌ಡಿಎಲ್ ಮೊದಲಿನ ಜಾಗಕ್ಕೆ ಬರುತ್ತೆ.

ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು: "ನನ್ನದು 210, ಮಕ್ಕಳದ್ದೆಷ್ಟಿರಬಹುದು?" ಇದನ್ನು ಮಾತ್ರ ಯಾರೂ ಕೇಳೋಲ್ಲ. ಎಲ್‌ಡಿಎಲ್ 190 ದಾಟಿದ್ದು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ರಿಸೆಪ್ಟರ್ ಜೀನಿನಲ್ಲೇ ದೋಷ ಇರಬಹುದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇಂಥ ವಂಶವಾಹಿ ತೊಂದರೆ ಇರುತ್ತೆ, ಪ್ರತಿ ಮಗುವಿಗೂ ದಾಟೋ ಸಾಧ್ಯತೆ ಅರ್ಧಕ್ಕರ್ಧ. ನಮ್ಮಲ್ಲಿ ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ತರೋ ಮನೆಗಳಿವೆ. ಅಪ್ಪ ಅಮ್ಮ ಇಬ್ಬರ ಕಡೆಯಿಂದಲೂ ದೋಷ ಬಂದ ಮಗುವಿಗೆ ಮೊಣಕೈ, ಮಂಡಿ, ಬೆರಳ ಗೆಣ್ಣಿನ ಮೇಲೆ ಹಳದಿ ಗಂಟು ಕಾಣಿಸಿಕೊಳ್ಳುತ್ತೆ. ಚರ್ಮದ ಕಾಯಿಲೆ ಅಂತ ಮುಲಾಮು ಹಚ್ಚುತ್ತಾ ವರ್ಷ ಕಳೆದಿರುತ್ತೆ. ಆ ಗಂಟು ಕಂಡರೆ ಒಂದು ದಿನವೂ ತಡ ಮಾಡದೆ ಲಿಪಿಡ್ ಪ್ರೊಫೈಲ್, ಅಂದರೆ ಕೊಲೆಸ್ಟರಾಲಿನ ರಕ್ತಪರೀಕ್ಷೆ, ಮಾಡಿಸಿ. ಗಂಟಿಲ್ಲದಿದ್ದರೂ, ಅಪ್ಪನಿಗೋ ಅಮ್ಮನಿಗೋ ತೊಂದರೆ ಇದ್ದರೆ ಮಗುವಿಗೆ ಹತ್ತು ವರ್ಷ ಆಗೋದರೊಳಗೆ ಮಾಡಿಸಿ.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ ಅಂತ ಕೇಳಬೇಡಿ. ಬೇಡ. ಅದೇ ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ (ರಕ್ತದಲ್ಲಿರೋ ಇನ್ನೊಂದು ಬಗೆಯ ಕೊಬ್ಬು) 400 ದಾಟಿದ್ದರೆ ಮಾತ್ರ ಇನ್ನೊಂದು ಸಲ ಖಾಲಿ ಹೊಟ್ಟೆಯಲ್ಲಿ ಕೊಡಿ.