ಒಂದು ಮುಚ್ಚಳ ಕುಡಿದ್ರೆ ಲೆಕ್ಕಾನಾ ಸಾರ್?

ಒಂಬತ್ತನೇ ಕ್ಲಾಸು, ಬಿಸಿಯೂಟ ಮುಗಿದ ಮೇಲಿನ ಪಿರಿಯಡ್. ಮದ್ಯಪಾನದ ಬಗ್ಗೆ ನಮ್ಮ ಸಂಸ್ಥೆಯಿಂದ ಆರು ವಾರ ಪಾಠ ಮಾಡಿದ್ದೆವು, ಅವತ್ತು ಎಂಡ್‌ಲೈನ್, ಅಂದ್ರೆ ಪಾಠ ಮುಗಿದ ಮೇಲಿನ ಸರ್ವೆ. 'ಮಕ್ಕಳು ಗಲಾಟೆ ಮಾಡ್ತಾರೆ' ಅಂತ ಎಚ್‌ಎಂ ಪಿಟಿ ಮೇಷ್ಟ್ರನ್ನೂ ಜೊತೆಗೆ ಕಳಿಸಿದರು. ಒಳ್ಳೇದೇ ಆಯ್ತು ಅಂದುಕೊಂಡೆ, ದಡ್ಡ ನಾನು. ಸಾಲದ್ದಕ್ಕೆ ಪೇಪರಿನ ಮೇಲೆ ರೋಲ್ ನಂಬರ್ ಬರೆಸಿದ್ದೆ. ಪಾಠಕ್ಕೆ ಮುಂಚೆ ಮಾಡಿದ ಸರ್ವೆ, ಅದೇ ಬೇಸ್‌ಲೈನ್ ಜೊತೆ ಮ್ಯಾಚ್ ಮಾಡಬೇಕಲ್ಲ, ಎಕ್ಸೆಲ್‌ನಲ್ಲಿ ಅದೇ ಸುಲಭ.

14ನೇ ಪ್ರಶ್ನೆ: ಕಳೆದ 30 ದಿನಗಳಲ್ಲಿ ಮದ್ಯ ಸೇವಿಸಿದ್ದೀರಾ? ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಸಾರ್, ಜಾತ್ರೇಲಿ ನಮ್ಮ ಮಾವ ಒಂದು ಮುಚ್ಚಳ ಕೊಟ್ರು. ಅದು ಕುಡಿದ ಲೆಕ್ಕಾನಾ?'

ಪಾಪ, ಗೊತ್ತಿಲ್ಲದೇ ಕೇಳಿದ್ದ. ನಾನು ಫಾರ್ಮಿನ ಗುಂಗಿನಲ್ಲಿ ಜೋರಾಗೇ ಹೇಳಿಬಿಟ್ಟೆ, 'ಹೌದಪ್ಪ, ಹೌದು ಅಂತಾನೇ ಟಿಕ್ ಹಾಕು.' ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. ಕಿಟಕಿ ಹತ್ತಿರದಿಂದ ನಿಧಾನಕ್ಕೆ ತಿರುಗಿ 'ಯಾವನೋ ಅವನು?' ಅಂದರು. ಹುಡುಗ ಕೂತುಬಿಟ್ಟ. ಆಮೇಲೆ ಹಿಂದಿನ ಮೂರು ಬೆಂಚಿನಲ್ಲಿ ಒಂದೇ ರಬ್ಬರು ಕೈಯಿಂದ ಕೈಗೆ ಹೋಯಿತು. ನಾನು ನೋಡ್ತಾ ನಿಂತಿದ್ದೆ. ಏನು ಹೇಳಬೇಕೋ ಬಾಯಿಗೇ ಬರಲಿಲ್ಲ.

42 ಪೇಪರ್, 42 'ಇಲ್ಲ'. ಬೆಳಕಿಗೆ ಹಿಡಿದರೆ ಏಳು ಪೇಪರಿನಲ್ಲಿ ಉಜ್ಜಿದ ಗುರುತು.

ಆಫೀಸಿನಲ್ಲಿ ಮಾತ್ರ ಖುಷಿಯೋ ಖುಷಿ. ಲಿವರ್‌ಗೆ ಏನಾಗುತ್ತೆ ಅನ್ನೋ ಪ್ರಶ್ನೆಗೆಲ್ಲ ಮಕ್ಕಳು ಸರಿಯಾಗಿ ಬರೆದಿದ್ದರು. ಪಿಪಿಟಿಯಲ್ಲಿ ಹಸಿರು ಬಾರ್ ಎದ್ದು ನಿಂತಿತು. ನಾನು ಅಮೆರಿಕದ 'ಡೇರ್' ಅನ್ನೋ ಮಾದಕ ವಸ್ತು ವಿರೋಧಿ ಶಾಲಾ ಕಾರ್ಯಕ್ರಮವನ್ನು ನೆನಪಿಸಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾಗಿದ್ದು, ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡೋರು, ದೇಶ ತುಂಬ ಹಬ್ಬಿತ್ತು. 1990ರ ದಶಕದಲ್ಲಿ ಅಳೆದು ನೋಡಿದರೆ ಮಕ್ಕಳಿಗೆ ತಿಳಿವಳಿಕೆ ಬಂದಿತ್ತು, ಕುಡಿತ ಮಾತ್ರ ಹೆಚ್ಚುಕಮ್ಮಿ ಹಾಗೇ ಇತ್ತು. 'ಇದೆಲ್ಲ ಡೋನರ್ ಮುಂದೆ ಬೇಡ' ಅಂದರು ಮ್ಯಾನೇಜರ್. ಪಾಠ ಮಾಡದೆ ಬರೀ ಹೋಲಿಸಿ ನೋಡೋ ಕಂಟ್ರೋಲ್ ಸ್ಕೂಲಿಗೆ ಬಜೆಟ್ ಇಲ್ಲ, ಆರು ತಿಂಗಳ ಫಾಲೋಅಪ್‌ಗೂ ಇಲ್ಲ. ಬ್ಯಾನರಿಗೆ ಇದೆ.

ಮುಂದಿನ ಶಾಲೆಯಲ್ಲಿ ಮೇಷ್ಟ್ರನ್ನು ಟೀ ಕೊಡಿಸಿ ಸ್ಟಾಫ್ ರೂಮಿನಲ್ಲೇ ಕೂರಿಸಿದೆ. ರೋಲ್ ನಂಬರ್ ಬದಲು ಅಮ್ಮನ ಹೆಸರಿನ ಮೊದಲ ಅಕ್ಷರ, ಹುಟ್ಟಿದ ತಾರೀಖು. 'ಒಂದು ಗುಟುಕಾದರೂ' ಅಂತ ಪ್ರಶ್ನೆಯಲ್ಲೇ ಸೇರಿಸಿದೆ. ಪೇಪರ್ ಮಡಚಿ ಮಕ್ಕಳೇ ಡಬ್ಬಕ್ಕೆ ಹಾಕಿದರು. ಒಂಬತ್ತು 'ಹೌದು' ಬಂತು.

ಸಂಜೆ ಮ್ಯಾನೇಜರ್ ಫೋನು. 'ಆ ಸ್ಕೂಲಲ್ಲಿ ಸೊನ್ನೆ, ಇಲ್ಲಿ ಒಂಬತ್ತು. ಯಾಕ್ರೀ, ಇಲ್ಲಿ ಪಾಠ ಸರಿಯಾಗಿ ಮಾಡ್ಲಿಲ್ವಾ?'