ಎಣ್ಣೆ ಕಡೆಯ ಏಣು

ವಸಂತನರಸಾಪುರದ ನಮ್ಮ ಪ್ಲಾಂಟಿನ ಆಯಿಲ್ ಕೂಲರಿಗೆ, ಅಂದರೆ ಬಿಸಿ ಎಣ್ಣೆಯನ್ನ ನೀರಿನಿಂದ ತಣಿಸೋ ಯಂತ್ರಕ್ಕೆ, ಇವತ್ತು ಲೋ-ಫಿನ್ ಟ್ಯೂಬ್ ಬಂತು. ಟ್ಯೂಬಿನ ಒಳಗೆ ನೀರು, ಹೊರಗೆ ಎಣ್ಣೆ ಹರಿಯುತ್ತೆ. ಹೊರಮೈ ತುಂಬ ಸ್ಕ್ರೂವಿನ ಸುತ್ತುಗಳಂತೆ ಸಣ್ಣ ಏಣು, ಇಂಚಿಗೆ 19. ಉಗುರು ಆಡಿಸಿದರೆ ಕರಕರ ಅನ್ನುತ್ತೆ. ಉದ್ದ ಅಷ್ಟೇ, ಆದರೆ ನುಣುಪು ಟ್ಯೂಬಿಗಿಂತ ಹೊರಮೈ ವಿಸ್ತೀರ್ಣ ಸುಮಾರು ಎರಡೂವರೆ ಪಟ್ಟು.

ನನಗೆ ತುಂಬಾ ಹಿಡಿಸಿದ್ದು ಏಣು ಎಲ್ಲಿದೆ ಅನ್ನೋದು. ಶಾಖ ದಾಟೋಕೆ ತಡೆ ಹೆಚ್ಚಿರೋದು ಎಣ್ಣೆ ಕಡೆ, ನೀರಿನ ಕಡೆ ಅಲ್ಲ. ಸುಲಭದ ಕಡೆ ಎಷ್ಟು ದುಡಿದರೂ ಲಾಭ ಕಮ್ಮಿ. ಕಷ್ಟ ಇರೋ ಕಡೆಗೇ ಕೈ ಹಾಕಬೇಕು. ಮನೇಲೂ ಹಂಗೇ ಅಲ್ವಾ ಅನ್ನಿಸ್ತು.

ಒಂದೇ ಚಿಂತೆ, ನಮ್ಮ ತುಮಕೂರು ಸೀಮೆಯ ಬೋರ್‌ವೆಲ್ ನೀರು ಗಡಸು. ಒಳಗೆ ಬಿಳಿ ಪದರ ಕಟ್ಟಿದರೆ ಈ ಲಾಭವೆಲ್ಲ ಹೋಗುತ್ತೆ. ನಾಳೆ ಶಿಫ್ಟಿನಲ್ಲಿ ನೀರಿನ ಗಡಸುತನ ತೆಗೆಯೋ ಸಾಫ್ಟನರ್ ಬಗ್ಗೆ ಸಾಹೇಬರ ಹತ್ರ ಕೂತು ಮಾತಾಡ್ತೀನಿ.