ಮಂಗಳವಾರದ ಟಿಕೆಟ್

ಮೈಸೂರಿನ ಗೋಕುಲಂನಲ್ಲಿ ಎಳನೀರಿನವನು ನನ್ನನ್ನು ಕಂಡು, "ಓನ್ಲಿ ವಾಟರ್, ಮೇಡಂ?" ಅಂದ. ತಪ್ಪು ಅವನದಲ್ಲ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗ ಕಲಿಯೋಕೆ ದೇಶದೇಶದವರು ಬಂದು ತಿಂಗಳುಗಟ್ಟಲೆ ಇರುವ ಬಡಾವಣೆ ಅದು. ಮೋಟು ಕೂದಲು, ಬೆನ್ನಿಗೊಂದು ಚೀಲ, ಬಾಡಿಗೆ ಸ್ಕೂಟರು. ನಾನೂ ಅವರಲ್ಲೊಬ್ಬಳ ಹಾಗೇ ಇದ್ದೆ.

"ತೆಳುಗಂಜಿ ಇರೋದು ಕೊಡಣ್ಣ" ಅಂದೆ.

ಎತ್ತಿದ ಮಚ್ಚು ಅಲ್ಲೇ ನಿಂತಿತು. "ಅಯ್ಯೋ, ನಮ್ಮೋರಾ? ಯಾವೂರು?"

ಹತ್ತು ವರ್ಷದಿಂದ ಈ ಪ್ರಶ್ನೆಗೆ ತಡವರಿಸುತ್ತಲೇ ಇದ್ದೇನೆ. ಲಿಸ್ಬನ್‌ನಲ್ಲಿದ್ದೆ. ಯುರೋಪಿನ ಷೆಂಗೆನ್ ವೀಸಾ ಇದ್ದರೆ 180 ದಿನದಲ್ಲಿ 90 ದಿನ ಮಾತ್ರ ಇರಬಹುದು, ಹಾಗಾಗಿ ಅಲ್ಲಿಂದ ಹೊರಟೆ. ಚಿಯಾಂಗ್ ಮಾಯ್, ಹನೋಯ್, ಆಮೇಲೆ ಕೊಲಂಬಿಯಾ. ಕೆಲಸ ಲ್ಯಾಪ್‌ಟಾಪಿನದು, ಎಲ್ಲಿದ್ದರೂ ನಡೆಯುತ್ತೆ. ಹೋದ ಕಡೆಯೆಲ್ಲ ಮೊದಲ ತಿಂಗಳು 'ಇನ್ನು ಇಲ್ಲೇ' ಅನ್ನಿಸೋದು. ಮೂರನೇ ತಿಂಗಳಿಗೆ ಕಣ್ಣು ಮಂಚದ ಕೆಳಗಿನ ಸೂಟ್‌ಕೇಸಿನ ಕಡೆ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಅಂತ ಅಮ್ಮ ಬೈಯೋಳು. ಈಗ ಬೈಯೋಕೂ ಅವಳಿಲ್ಲ.

ಎಳನೀರಿನವನಿಗೆ "ಮಂಡ್ಯ" ಅಂದುಬಿಟ್ಟೆ. ಹೇಳಿದ್ದಕ್ಕಾದರೂ ಹೋಗಬೇಕಲ್ಲ ಅಂತ ಮಾರನೇ ದಿನವೇ ಬಸ್ಸು ಹತ್ತಿದೆ.

ದೊಡ್ಡಪ್ಪ ಆಲೆಮನೆಯಲ್ಲಿದ್ದರು. ಕನ್ನಂಬಾಡಿ ಕಟ್ಟೆಯ ನಾಲೆ ನೀರು ನಂಬಿದ ಗದ್ದೆಗಳ ನಡುವೆ ತಗಡಿನ ಚಪ್ಪರ, ಅದರಡಿ ಗಾಣ, ಒಲೆ, ಕೊಪ್ಪರಿಗೆ. ನನ್ನ ಕಂಡದ್ದೇ ಮೊದಲು ಮಾಡಿದ ಕೆಲಸ ಅಂದರೆ ಒಬ್ಬ ಹುಡುಗನನ್ನು ಓಡಿಸಿ ಪ್ಲಾಸ್ಟಿಕ್ ಕುರ್ಚಿ ತರಿಸಿದ್ದು. ಟವೆಲಲ್ಲಿ ಅದನ್ನ ಒರೆಸಿಯೂ ಕೊಟ್ಟರು. ಚಿಕ್ಕವಳಿದ್ದಾಗ ಇದೇ ಜಾಗದಲ್ಲಿ ಕಬ್ಬಿನ ರಚ್ಚಿನ ರಾಶಿ ಮೇಲೆ ಹೊರಳಾಡಿದ್ದೇನೆ. ಆ ಕುರ್ಚಿ ಕಂಡು ಹೊಟ್ಟೆ ಕಿವುಚಿದಂತಾಯಿತು. ಕುರ್ಚಿ ಹಾಕೋದು ಸಾಲ ವಸೂಲಿಗೆ ಬಂದೋರಿಗೆ, ಬೀಗರಿಗೆ.

ಕೂತು ನೋಡಿದೆ. ಕುದಿಯೋ ಕಬ್ಬಿನ ಹಾಲಿನ ಮೇಲೆ ಕೊಳೆ ಕರಿ ನೊರೆಯಾಗಿ ಕಟ್ಟುತ್ತಿತ್ತು. ದೊಡ್ಡಪ್ಪ ಚಿಟಿಕೆ ಸುಣ್ಣ ಬಿಟ್ಟು, ಉದ್ದ ಹಿಡಿಯ ಜರಡಿಯಲ್ಲಿ ನೊರೆ ಎತ್ತಿ ಎತ್ತಿ ಹಾಕುತ್ತಿದ್ದರು. ಮಾತಿಗಿರಲಿ ಅಂತ, ಕೊಲಂಬಿಯಾದಲ್ಲೂ ಆಲೆಮನೆ ಇದೆ ಅಂದೆ.

"ಅಲ್ಲೂ ಬೆಲ್ಲ ಉಂಟಾ?"

ಉಂಟು, ಪನೆಲಾ ಅಂತಾರೆ. ಗುಡ್ಡದ ಮೇಲೆ ಗಾಣ, ಒಲೆಗೆ ಹಿಂಡಿ ಒಣಗಿಸಿದ ಅದೇ ಕಬ್ಬಿನ ಸಿಪ್ಪೆ. ದಾರಿ ತಪ್ಪಿ ಒಂದು ಊರಲ್ಲಿ ಇಳಿದಾಗ ಆ ವಾಸನೆ ಮೂಗಿಗೆ ಬಡಿದು, ಭಾಷೆ ಬಾರದ ಹೆಂಗಸರ ಮುಂದೆ ನಿಂತು ಗೊಳೋ ಅಂತ ಅತ್ತಿದ್ದೆ. ಅಳು ಮಾತ್ರ ದೊಡ್ಡಪ್ಪನಿಗೆ ಹೇಳಲಿಲ್ಲ. ಅವರಿಗೆ ಬೇಕಾಗಿದ್ದೂ ಅದಲ್ಲ.

"ಕೊಳೆ ತೆಗ್ಯಕೆ ಏನಾಕ್ತಾರೆ?"

"ಯಾವುದೋ ಮರದ ತೊಗಟೆ ನೆನೆಸಿ, ಅದರ ಲೋಳೆ ಹಾಕ್ತಾರೆ."

ಜರಡಿ ಬಿಟ್ಟು ತಿರುಗಿದರು. "ನಮ್ಮಪ್ಪನೂ ಬೆಂಡೆಗಿಡ ಜಜ್ಜಿ ಅದ್ರ ಲೋಳೆಯೇ ಬುಡೋನು! ಸುಣ್ಣ ಕಮ್ಮಿ ಹಾಕೋನು. ಅಲ್ಲೀಗಂಟ ಹೋಗಿ ನೋಡ್ಕಂಡ್ ಬಂದಿದ್ದೀಯ, ಬಿಡು." ಆಮೇಲೆ ಅರ್ಧ ಗಂಟೆ ಬರೀ ಪ್ರಶ್ನೆ. ಅಚ್ಚು ಹೆಂಗೆ, ಕೂಲಿ ಎಷ್ಟು, ಮಳೆಗಾಲದಲ್ಲಿ ಬೆಲ್ಲ ನೀರೊಡೆಯಲ್ವಾ. ಹತ್ತು ವರ್ಷದ ನನ್ನ ತಿರುಗಾಟದಲ್ಲಿ ಅವರಿಗೆ ಉಪಯೋಗಕ್ಕೆ ಬಂದದ್ದು ಅದೊಂದು ಮಧ್ಯಾಹ್ನ. ಪಾಕ ಬಂತಾ ನೋಡೋಕೆ ತಣ್ಣೀರಿಗೆ ಒಂದು ತೊಟ್ಟು ಬಿಟ್ಟು, ಉಂಡೆ ಕಟ್ಟಿ ನನ್ನ ಅಂಗೈಗೆ ಹಾಕಿದರು. ಸುಟ್ಟಿತು. ಬಾಯಿಗೆ ಹಾಕಿಕೊಂಡೆ.

ರಾತ್ರಿ ಉಣ್ಣುವಾಗ ಅತ್ತಿಗೆ ತಗ್ಗಿದ ದನಿಯಲ್ಲಿ ಒಂದು ಮಾತು ಹೇಳಿದರು. ರೇಷನ್ ಕಾರ್ಡಲ್ಲಿ ನನ್ನ ಹೆಸರು ತೆಗೆಸಿದ್ದಾರೆ. ಬೆರಳು ಕೊಡೋಕೆ ನಾನಿರಲಿಲ್ಲವಲ್ಲ. ಪಾಪ, ಕ್ಷಮೆ ಕೇಳೋ ಹಾಗೆ ಹೇಳಿದರು. ನಾನೇ ತೆಗೆಸಬೇಕಿತ್ತು ಅಂದೆ. ಆದರೂ ಮುದ್ದೆ ಗಂಟಲಲ್ಲಿ ಒಂದು ಗಳಿಗೆ ನಿಂತಿತು.

ಬಾಗಿಲ ಬಳಿ ಎಲೆ ಮಡಿಸುತ್ತಿದ್ದ ದೊಡ್ಡಮ್ಮ ಕೇಳಿದರು: "ಯಾವಾಗ ಹೊಂಟೀಯವ್ವ?"

"ಮಂಗಳವಾರ. ಟಿಕೆಟ್ ಆಗಿದೆ."

"ಮಂಗಳ್ವಾರ ಮನೆ ಹೆಣ್ಮಗೀನ ಕಳುಸ್ತಾರಾ? ಬುಧ್ವಾರ ಹೋಗೀವಂತೆ." ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ಅಲ್ಲಿಗೆ ಮಾತು ಮುಗಿಯಿತು.

ಟಿಕೆಟ್ಟಿನ ತಾರೀಕು ಬದಲಿಸೋಕೆ ಎಷ್ಟು ಕೀಳ್ತಾರೋ ಅಂತ ಫೋನು ತೆಗೆದು, ಸಿಗ್ನಲ್ಲಿಗಾಗಿ ಹಿತ್ತಲಿಗೆ ಹೋದೆ.